ಗೋಪುರ ಕಟ್ಟುವ ಮೊದಲು ಕುಳಿತು ಲೆಕ್ಕ ಹಾಕಿ



ಗೋಪುರ ಕಟ್ಟಲು ಹೊರಟ ಮನುಷ್ಯನೊಬ್ಬನ ಸಾಮತಿಯನ್ನು ಪ್ರಭು ಯೇಸುಸ್ವಾಮಿಯವರು ಹೇಳಿದ್ದು ನಿಮಗೆ ನೆನಪಿರಬಹುದು. ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಕೈಯಲ್ಲಿರುವ ಹಣ ಸಾಕಾಗುತ್ತದೆಯೇ ಎಂದು ನೋಡದೆ ಅಡಿಪಾಯ ಹಾಕಿದವನು, ಗೋಡೆ ಅರ್ಧಕ್ಕೆ ನಿಂತಾಗ ಊರವರ ನಗೆಗೆ ಗುರಿಯಾಗುತ್ತಾನೆ. ತಮ್ಮ ಶಿಷ್ಯರಾಗಲು ಬಯಸುವವರು ಎಷ್ಟು ಬೆಲೆ ತೆರಬೇಕು ಎಂಬುದನ್ನು ತಿಳಿಸಲು ಪ್ರಭು ಇದನ್ನು ಹೇಳಿದರು. ಆದರೂ ಆ ಸಾಮತಿಯಲ್ಲಿ ಒಂದು ಚಿಕ್ಕ ವಿವರವಿದೆ, ಅದನ್ನು ನಾವು ಗಮನಿಸದೆ ದಾಟಿಬಿಡುತ್ತೇವೆ. ಲೆಕ್ಕ ಹಾಕುವವನು ಮೊದಲು ಕುಳಿತುಕೊಳ್ಳಬೇಕು ಎನ್ನುತ್ತಾರೆ ಪ್ರಭು. ಬಸ್ಸಿಗೆ ಕಾಯುತ್ತಾ, ಫೋನಿನಲ್ಲಿ ಮಾತನಾಡುತ್ತಾ ಹಾಕುವ ಲೆಕ್ಕ ಅದಾಗಲಾರದು. ಕುಳಿತುಕೊಳ್ಳಬೇಕು, ಸಮಯ ಕೊಡಬೇಕು.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನಮ್ಮ ಕುಟುಂಬಗಳು ಈ ದಿನಗಳಲ್ಲಿ ಕಟ್ಟಲು ಹೊರಡುವ ದೊಡ್ಡ ಗೋಪುರ ಯಾವುದು? ಹೊಸ ಮನೆ ಎಂದು ನೀವು ಹೇಳಬಹುದು. ನಾನು ಮಗಳ ನರ್ಸಿಂಗ್ ಎನ್ನುತ್ತೇನೆ. ಏಕೆಂದರೆ ಹೊಸ ಮನೆಯ ಕನಸು ಕೂಡ ಅದರ ಮೇಲೆಯೇ ನಿಂತಿರುತ್ತದೆ. ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ವರ್ಷಗಟ್ಟಲೆ ತಿಂದಿದೆ. ಅದರ ಮೇಲೆ ಎಲೆಚುಕ್ಕಿ ರೋಗ ಬಂತು. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ರಬ್ಬರಿನ ಬೆಲೆ ಆಮೇಲೆ ಹೇಗೆ ಬಿತ್ತು ಎಂಬುದನ್ನು ಟ್ಯಾಪಿಂಗ್ ಮಾಡುವವರಿಗೆ ನಾನು ಹೇಳಬೇಕಾಗಿಲ್ಲ. ಕೇರಳದಿಂದ ಬಂದು ಕಡಬ, ನೆಲ್ಯಾಡಿ, ಇಚ್ಲಂಪಾಡಿ ಬದಿಯ ಗುಡ್ಡಗಳಲ್ಲಿ ರಬ್ಬರ್ ಎಬ್ಬಿಸಿದವರ ಮನೆಗಳಲ್ಲಿ, ಪುತ್ತೂರಿನ ಸುತ್ತಲಿನ ಹಳೆಯ ಕೊಂಕಣಿ ಮನೆಗಳಲ್ಲಿ, 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳ ಸಾಲುಮನೆಗಳಲ್ಲಿ, ಎಲ್ಲ ಕಡೆಯೂ ಒಂದೇ ಮಾತು ಕೇಳಿಬರುತ್ತದೆ: "ಒಬ್ಬಳನ್ನು ನರ್ಸಿಂಗಿಗೆ ಹಾಕಿದರೆ ಮನೆ ಮೇಲೆ ಬರುತ್ತದೆ."

ಈ ಮಾತು ಸುಳ್ಳಲ್ಲ. ಒಬ್ಬ ಹೆಣ್ಣುಮಗಳ ರಾತ್ರಿ ಪಾಳಿಯ ದುಡಿಮೆಯಿಂದ ತಮ್ಮಂದಿರ ಓದು, ತಂಗಿಯ ಮದುವೆ, ತಂದೆಯ ಆಪರೇಷನ್ ಎಲ್ಲವೂ ನಡೆದ ಮನೆಗಳು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇವೆ. ಒಂದು ಕಾಲದಲ್ಲಿ ನರ್ಸ್ ಎಂದರೆ ಮೂಗು ಮುರಿಯುತ್ತಿದ್ದ ಸಮಾಜವೇ ಈಗ ಮದುವೆಯ ಮಾತುಕತೆಯಲ್ಲಿ ನರ್ಸ್ ಹುಡುಗಿಯನ್ನು ಕೇಳಿ ಬರುತ್ತಿದೆ. (ಹುಡುಗಿಯನ್ನು ಕೇಳುತ್ತಾರೋ ಅವಳ ವೀಸಾವನ್ನು ಕೇಳುತ್ತಾರೋ ಎಂಬ ಸಂಶಯ ನನಗೆ ಹಲವು ಬಾರಿ ಬಂದಿದೆ.) ಆದ್ದರಿಂದ ಮಗಳನ್ನು ನರ್ಸಿಂಗಿಗೆ ಸೇರಿಸಬೇಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಕುಳಿತು ಲೆಕ್ಕ ಹಾಕಿ ಸೇರಿಸಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಮೇ, ಜೂನ್ ತಿಂಗಳಲ್ಲಿ ಗುರುನಿವಾಸಕ್ಕೆ ಬರುವ ತಂದೆಯರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇರುತ್ತದೆ. "ಫಾದರ್, ಒಂದು ಲೆಟರ್ ಬೇಕಿತ್ತು, ಮಗಳಿಗೆ ನರ್ಸಿಂಗಿಗೆ" ಎನ್ನುತ್ತಾರೆ. ನಾನು ಲೆಟರ್ ಕೊಡುತ್ತೇನೆ. ಕೊಡುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ಕಾಲೇಜಿಗೆ ಯಾರ ಮಾನ್ಯತೆ ಇದೆ? ಕೊನೆಯ ವರ್ಷದವರೆಗೆ ಒಟ್ಟು ಎಷ್ಟು ಖರ್ಚು? ಮಗಳು ಏನು ಹೇಳುತ್ತಾಳೆ? ಮೊದಲನೆಯ ಪ್ರಶ್ನೆಗೆ, ಕಾಲೇಜಿನ ಕಟ್ಟಡ ದೊಡ್ಡದಿದೆ ಎಂಬ ಉತ್ತರ ಬರುತ್ತದೆ. ಎರಡನೆಯದಕ್ಕೆ ಮೊದಲ ವರ್ಷದ ಫೀಸು ಮಾತ್ರ ಗೊತ್ತಿರುತ್ತದೆ. ಮೂರನೆಯದನ್ನು ಕೇಳಿದಾಗ ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತಾನೆ, ಇದೊಂದು ಪ್ರಶ್ನೆಯೇ ಎಂಬಂತೆ. ಇನ್ನು ಕೆಲವರು, ಭಕ್ತಿವಂತರೇ, "ಲೆಕ್ಕ ಏನು ಅಚ್ಚಾ, ದೇವರು ನಡೆಸಿಕೊಡುತ್ತಾರೆ" ಎಂದು ಹೇಳಿ ನನ್ನ ಬಾಯಿ ಮುಚ್ಚಿಸುತ್ತಾರೆ.

ಈ ಕೊನೆಯ ಮಾತಿನ ಬಗ್ಗೆ ಸ್ವಲ್ಪ ಯೋಚಿಸೋಣ. ದೇವರ ಮೇಲೆ ಭರವಸೆ ಇಡುವುದು ಬೇರೆ, ನಾವು ಮಾಡಬೇಕಾದ ಕೆಲಸವನ್ನು ದೇವರ ಮೇಲೆ ಹೊರಿಸುವುದು ಬೇರೆ. ಸಂತ ಥಾಮಸ್ ಅಕ್ವಿನಾಸರು ನಾಲ್ಕು ಮೂಲ ಸದ್ಗುಣಗಳಲ್ಲಿ ವಿವೇಕಕ್ಕೆ ಮೊದಲ ಸ್ಥಾನ ಕೊಡುತ್ತಾರೆ. ಧೈರ್ಯ, ನ್ಯಾಯ, ಸಂಯಮ ಎಲ್ಲವೂ ಎತ್ತ ಹೋಗಬೇಕು ಎಂದು ತೋರಿಸುವುದು ವಿವೇಕ. ಮುಂದಾಲೋಚನೆಯನ್ನೂ ಎಚ್ಚರಿಕೆಯನ್ನೂ ಅವರು ವಿವೇಕದ ಅಂಗಗಳೆಂದು ಎಣಿಸುತ್ತಾರೆ. ಜೊತೆಗೆ ಇನ್ನೊಂದನ್ನು ಸೇರಿಸುತ್ತಾರೆ, ಬಲ್ಲವರನ್ನು ಕೇಳಿ ಕಲಿಯುವ ಮನಸ್ಸು. ಎಂಥ ಜಾಣನಾದರೂ ಎಲ್ಲವನ್ನೂ ತಾನೊಬ್ಬನೇ ಕಂಡುಕೊಳ್ಳಲಾರ ಎಂಬುದು ಅವರ ವಿಚಾರ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆವು. ಪ್ಲಾಸ್ಟಿಕ್ ಫೈಲ್ ಹಿಡಿದು ನಿಂತ ತಂದೆಯನ್ನು ನೋಡುವಾಗ ಅದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ದಯಾಳು ಸಮಾರಿಯದವನನ್ನೇ ನೋಡಿ. ಅವನ ಕರುಣೆಯ ಬಗ್ಗೆ ನಾವು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಆದರೆ ಅವನ ಬಳಿ ಎಣ್ಣೆ ಇತ್ತು, ದ್ರಾಕ್ಷಾರಸ ಇತ್ತು, ಸವಾರಿಗೆ ಪ್ರಾಣಿ ಇತ್ತು, ಚೀಲದಲ್ಲಿ ಹಣವಿತ್ತು. ಗಾಯಕ್ಕೆ ಬಟ್ಟೆ ಕಟ್ಟಲು ಅವನ ಕೈಗಳಿಗೆ ಗೊತ್ತಿತ್ತು. ಆ ರಾತ್ರಿ ಛತ್ರದಲ್ಲಿ ರೋಗಿಯ ಜೊತೆ ಇದ್ದ. ಮರುದಿನ ಹೊರಡುವಾಗ ಎರಡು ಬೆಳ್ಳಿ ನಾಣ್ಯಗಳನ್ನು ಛತ್ರದವನ ಕೈಗೆ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ತೀರಿಸುತ್ತೇನೆ ಎಂದು ಲೆಕ್ಕವನ್ನು ಸ್ಪಷ್ಟ ಮಾಡಿ ಹೋದ. ಬರಿಗೈಯಲ್ಲಿ ಬಂದಿದ್ದರೆ ಅವನೂ ಕಣ್ಣೀರು ಹಾಕಿ ಮುಂದೆ ಹೋಗಬೇಕಾಗುತ್ತಿತ್ತೇನೋ.

ಈಗ ಲೆಕ್ಕಕ್ಕೆ ಬರೋಣ. ಕುಟುಂಬ ಪ್ರಾರ್ಥನೆಯ ನಂತರ ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳಿ. ಒಂದು ನೋಟ್‌ಪುಸ್ತಕ ತೆರೆಯಿರಿ.

ಮೊದಲು ಓದು ಯಾವುದು ಎಂದು ತಿಳಿಯಿರಿ. "ನರ್ಸಿಂಗ್" ಎಂಬ ಒಂದೇ ಹೆಸರಿನಲ್ಲಿ ಮೂರು ದಾರಿಗಳಿವೆ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಈ ವಿಷಯಗಳಲ್ಲಿ ಒಟ್ಟು ಶೇಕಡಾ 45 ಅಂಕ ಬೇಕು, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 40. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಕಲಾ ಅಥವಾ ವಾಣಿಜ್ಯ ವಿಭಾಗ ಓದಿದವರೂ ಇಂಗ್ಲಿಷ್ ಸಹಿತ ಶೇಕಡಾ 40 ಅಂಕವಿದ್ದರೆ ಸೇರಬಹುದು. ಎಎನ್‌ಎಂ ಎರಡು ವರ್ಷದ್ದು. ನಿಮ್ಮ ಊರಿನ ಉಪಕೇಂದ್ರದಿಂದ ಮನೆಮನೆಗೆ ಬಂದು ಮಕ್ಕಳಿಗೆ ಲಸಿಕೆ ಹಾಕುವ ಸಿಸ್ಟರ್ ಈ ದಾರಿಯಿಂದ ಬಂದವರು. ಮೂರಕ್ಕೂ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಜಿಎನ್‌ಎಂ ಮುಗಿಸಿ ನೋಂದಣಿ ಮಾಡಿಕೊಂಡವರು ಮುಂದೆ ಎರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿಎಸ್ಸಿ ಪದವಿ ಪಡೆಯುವ ಅವಕಾಶವೂ ಇದೆ. ಪಿಯುಸಿ ವಿಜ್ಞಾನದಲ್ಲಿ ತೊಡರಿ ಬಿದ್ದ ಮಗಳನ್ನು ಹೊಡೆದು ಬಡಿದು ಬಿಎಸ್ಸಿಗೇ ತಳ್ಳಬೇಕೆಂದಿಲ್ಲ. ಡಿಪ್ಲೊಮಾ ಎಂದರೆ ಮರ್ಯಾದೆ ಕಡಿಮೆ ಎಂಬ ಯೋಚನೆ ನೆಂಟರಿಷ್ಟರಲ್ಲಿ ಇರಬಹುದು, ಹಾಸಿಗೆಯಲ್ಲಿ ಮಲಗಿದ ರೋಗಿಗೆ ಇಲ್ಲ.

ಸರ್ಕಾರಿ ಕೋಟದ ಬಿಎಸ್ಸಿ ನರ್ಸಿಂಗ್ ಸೀಟುಗಳು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ಇಲ್ಲಿಯೇ ನಮ್ಮವರು ಎಡವುವುದು. ಸಿಇಟಿಗೆ ಅರ್ಜಿ ಹಾಕುವ ಕಾಲ ಸಾಮಾನ್ಯವಾಗಿ ದ್ವಿತೀಯ ಪಿಯುಸಿ ಪರೀಕ್ಷೆಗೂ ಮೊದಲೇ, ಜನವರಿ ಫೆಬ್ರವರಿಯಲ್ಲಿ ಬರುತ್ತದೆ. ಆಗ ನಮ್ಮಲ್ಲಿ ಅಡಿಕೆ ಕೊಯ್ಲು, ಊರಿನ ಹಬ್ಬ, ಮದುವೆಗಳು. ಜೂನ್‌ನಲ್ಲಿ ತಂದೆ ಎಚ್ಚರಗೊಳ್ಳುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ, ಏಜೆಂಟನ ಬಾಗಿಲು ಮಾತ್ರ ತೆರೆದಿರುತ್ತದೆ. ಒಂದನೆಯ ತರಗತಿಯಿಂದ ಹಳ್ಳಿ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಮೀಸಲಾತಿ ಇದೆ. ನಮ್ಮ ಸಮಾಜದವರು 3ಬಿ ಪ್ರವರ್ಗದಲ್ಲಿ ಬರುತ್ತಾರೆ. ಇದಕ್ಕೆಲ್ಲ ಪ್ರಮಾಣಪತ್ರ ಬೇಕು. ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಶಿಕ್ಷಣಾಧಿಕಾರಿಯ ಸಹಿ, ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರ. ಪ್ರಥಮ ಪಿಯುಸಿಯ ರಜೆಯಲ್ಲಿಯೇ ಇವುಗಳ ಕೆಲಸ ಶುರುಮಾಡಿದರೆ ಮುಂದೆ ಕಚೇರಿಯ ಮೆಟ್ಟಿಲಲ್ಲಿ ನಿಂತು ಅಳಬೇಕಾಗುವುದಿಲ್ಲ. ನಿಗಮದ ತೋಟದ ಕುಟುಂಬಗಳಿಗೆ ಜಾತಿ ಪತ್ರದ ಕೆಲಸ ಇನ್ನೂ ಕಷ್ಟದ್ದು, ಅವರು ಇನ್ನೂ ಬೇಗ ಹೊರಡಬೇಕು.

ಬಳಿಕ ಮಾನ್ಯತೆ. ಪದವಿ ಕಾಲೇಜು ಯಾವುದಾದರೊಂದು ವಿಶ್ವವಿದ್ಯಾಲಯದ ಅಡಿಯಲ್ಲಿರಬೇಕು. ನಮ್ಮ ರಾಜ್ಯದಲ್ಲಿ ಬಹುಪಾಲು ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದರ ಜೊತೆಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಬೇಕು. ಓದು ಮುಗಿದ ಮೇಲೆ ಮಗಳ ಹೆಸರು ನೋಂದಣಿಯಾಗುವುದು ಅಲ್ಲಿಯೇ. ದೇಶಕ್ಕೆಲ್ಲ ಅನ್ವಯಿಸುವ ಮಟ್ಟವನ್ನು 1947ರ ಕಾನೂನಿನಂತೆ ಬಂದ ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಗದಿಪಡಿಸುತ್ತಾ ಬಂದಿದೆ. ಅದರ ಬದಲಿಗೆ ರಾಷ್ಟ್ರೀಯ ಆಯೋಗವೊಂದನ್ನು ತರುವ ಕಾಯ್ದೆ 2023ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿದೆ. ಈ ಹೆಸರುಗಳನ್ನೆಲ್ಲ ನೀವು ಬಾಯಿಪಾಠ ಮಾಡಬೇಕಾಗಿಲ್ಲ. ಈ ವರ್ಷದ ಮಾನ್ಯತೆಯ ಪತ್ರವನ್ನು ತೋರಿಸಿ ಎಂದು ಕಾಲೇಜಿನ ಕಚೇರಿಯಲ್ಲಿ ಕೇಳಲು ನಾಚಿಕೊಳ್ಳಬೇಡಿ. ದನ ಕೊಳ್ಳುವಾಗ ಹಲ್ಲು ನೋಡುತ್ತೀರಿ.

ಅದಕ್ಕಿಂತಲೂ ಮುಖ್ಯವಾದದ್ದನ್ನು ಕಣ್ಣಿಂದಲೇ ನೋಡಬಹುದು. ಆಸ್ಪತ್ರೆ ಎಲ್ಲಿ? ನರ್ಸಿಂಗ್ ಕಲಿಯುವುದು ತರಗತಿಯಲ್ಲಿ ಅರ್ಧ, ರೋಗಿಯ ಬದಿಯಲ್ಲಿ ಅರ್ಧ. ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಸುಳ್ಯದ ಕುರುಂಜಿಭಾಗ್‌ನಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಶಿಕ್ಷಣ ಸಂಸ್ಥೆಗಳ ಬದಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಔಷಧಿ ಹಂಚಲು ತೊಡಗಿದ್ದರು. ಅವರು 1910ರಲ್ಲಿ ತೀರಿಕೊಂಡರು. ಆ ಚಿಕ್ಕ ಔಷಧಾಲಯ ಬೆಳೆದು ಇಂದು ನಮ್ಮ ಕಡೆಯವರೆಲ್ಲ ಬಸ್ಸು ಹತ್ತಿ ಹೋಗುವ ಆಸ್ಪತ್ರೆಯಾಗಿದೆ. ಅಲ್ಲಿ ಮೊದಲು ರೋಗಿಗಳು ಬಂದರು, ಕಾಲೇಜು ಆಮೇಲೆ ಬಂತು. ಕೆಲವು ನಗರಗಳಲ್ಲಿ ಇದು ತಲೆಕೆಳಗಾಗಿದೆ. ವಾಣಿಜ್ಯ ಕಟ್ಟಡದ ಮಹಡಿಯಲ್ಲಿ ಕಾಲೇಜಿನ ಬೋರ್ಡು, ಆಸ್ಪತ್ರೆ ಕೇಳಿದರೆ "ಟೈಅಪ್ ಇದೆ" ಎಂಬ ಉತ್ತರ. ನೀವೇ ಒಂದು ದಿನ ಹೋಗಿ ವಾರ್ಡುಗಳಲ್ಲಿ ನಡೆದು ನೋಡಿ. ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ? ವಿದ್ಯಾರ್ಥಿನಿಯರ ಜೊತೆ ಕಲಿಸುವವರು ನಿಂತಿದ್ದಾರೆಯೇ? ಮೂರನೆಯ ವರ್ಷದ ಒಬ್ಬಳನ್ನು ಬದಿಗೆ ಕರೆದು ಊಟ ಹೇಗಿದೆ, ಪಾಠ ನಡೆಯುತ್ತದೆಯೇ ಎಂದು ಕೇಳಿ. ಆ ಐದು ನಿಮಿಷದ ಮಾತಿಗೆ ಯಾವ ಜಾಹೀರಾತೂ ಸಮವಲ್ಲ.

ಹಣದ ವಿಷಯ. ಕಾಲೇಜಿನವರು ಹೇಳುವ ಫೀಸು ಲೆಕ್ಕದ ಮೊದಲ ಸಾಲು ಮಾತ್ರ. ಹಾಸ್ಟೆಲ್, ಊಟ, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ, ಬೇರೆ ಆಸ್ಪತ್ರೆಗಳಿಗೆ ಹೋಗಿಬರುವ ಬಸ್ಸು, ಎಲ್ಲವನ್ನೂ ಕೊನೆಯ ವರ್ಷದವರೆಗೆ ಬರೆದು ಸಹಿ ಹಾಕಿ ಕೊಡಲು ಹೇಳಿ. ರಶೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಯನ್ನು ಅಡವಿನಂತೆ ಇಟ್ಟುಕೊಂಡು, ನಡುವೆ ಬಿಟ್ಟು ಹೋಗುವುದಾದರೆ ಉಳಿದ ವರ್ಷಗಳ ಫೀಸನ್ನೂ ಕಟ್ಟಿ ಎನ್ನುವವರ ಬಗ್ಗೆ ಎಚ್ಚರಿಕೆಯಿಂದಿರಿ.

ಬ್ಯಾಂಕ್ ಸಾಲ ತೆಗೆಯುವುದರಲ್ಲಿ ತಪ್ಪಿಲ್ಲ. ಆದರೆ ಅದರ ನಡೆ ತಿಳಿದಿರಲಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ನಾಲ್ಕು ಲಕ್ಷ ತೆಗೆದಿರಿ, ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳೋಣ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ, ಅದು ನಿಜ. ಆದರೆ ಬಡ್ಡಿ ನಿದ್ರೆ ಮಾಡುವುದಿಲ್ಲ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು. ಸರಳ ಬಡ್ಡಿಯಲ್ಲಿಯೇ 1,40,000 ರೂಪಾಯಿ ಸೇರಿ, ಮೊದಲ ಕಂತಿನ ದಿನ ನಿಮ್ಮ ಸಾಲ 5,40,000 ಆಗಿರುತ್ತದೆ. ಓದುವ ಕಾಲದಲ್ಲಿಯೇ ಬಡ್ಡಿಯನ್ನಾದರೂ ಸ್ವಲ್ಪ ಸ್ವಲ್ಪ ಕಟ್ಟುತ್ತಾ ಬಂದರೆ ಹೊರೆ ಇಳಿಯುತ್ತದೆ. ಸರ್ಕಾರದ ಅರಿವು ಸಾಲ, ವಿದ್ಯಾರ್ಥಿವೇತನಗಳ ಬಗ್ಗೆ ತಾಲೂಕಿನ ಅಲ್ಪಸಂಖ್ಯಾತರ ಮಾಹಿತಿ ಕೇಂದ್ರದಲ್ಲಿ ವಿಚಾರಿಸಿದ ಮೇಲೆಯೇ ಬ್ಯಾಂಕಿನ ಮೆಟ್ಟಿಲು ಹತ್ತಿ.

ಕೆಲಸ ಸಿಕ್ಕಿದ ಮೇಲೆ ಸಂಬಳ ಎಷ್ಟು? ಇಲ್ಲಿ ಏಜೆಂಟರು ಹೇಳುವ ಸಂಖ್ಯೆಯೂ ನಿಜವಾದ ಸಂಖ್ಯೆಯೂ ಬಹಳ ದೂರ ಇರುತ್ತವೆ. ಖಾಸಗಿ ಆಸ್ಪತ್ರೆಯ ನರ್ಸುಗಳ ಸಂಬಳದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ಒಂದು ಸಮಿತಿ ರಚನೆಯಾಯಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಅದು ಶಿಫಾರಸು ಮಾಡಿತು. ಎಲ್ಲ ಕಡೆ ಅದು ಪಾಲನೆಯಾಗಿಲ್ಲ. ಕ್ರೈಸ್ತರು ನಡೆಸುವ ಆಸ್ಪತ್ರೆಗಳೂ ಈ ವಿಷಯದಲ್ಲಿ ಆತ್ಮಪರಿಶೋಧನೆ ಮಾಡಿಕೊಳ್ಳಬೇಕು ಎಂದು ಈ ಪುಟದಲ್ಲಿಯೇ ಹೇಳುವುದು ನನಗೆ ಸರಿ ಎನಿಸುತ್ತದೆ. ಸೇವೆ ಎಂಬ ಪವಿತ್ರ ಪದವನ್ನು ಕಡಿಮೆ ಸಂಬಳಕ್ಕೆ ಹೊದಿಕೆಯಾಗಿ ಬಳಸಬಾರದು.

"ಇಲ್ಲಿ ಕಡಿಮೆಯಾದರೆ ಏನು ಫಾದರ್, ಎರಡು ವರ್ಷ ಅನುಭವ ಆದ ಮೇಲೆ ಹೊರಗೆ ಹೋಗುತ್ತಾಳೆ." ಹೋಗಲಿ, ದೇವರು ಆಶೀರ್ವದಿಸಲಿ. ಆದರೆ 2014ರ ಜುಲೈ 5ರಂದು ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಇಳಿದ 46 ನರ್ಸುಗಳನ್ನು ನೆನಪಿಸಿಕೊಳ್ಳಿ. ಇರಾಕಿನ ತಿಕ್ರಿತ್ ಪಟ್ಟಣದ ಆಸ್ಪತ್ರೆಯಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದು, ಉಗ್ರರ ಕೈಗೆ ಸಿಕ್ಕಿ, ಮೊಸುಲ್‌ಗೆ ಒಯ್ಯಲ್ಪಟ್ಟು ಕೊನೆಗೆ ಬಿಡುಗಡೆಯಾದವರು. ಹೆಚ್ಚಿನವರು ಕೇರಳದ ಸಾಮಾನ್ಯ ಮನೆಗಳವರು. ಸುತ್ತಲೂ ಗುಂಡಿನ ಸದ್ದು ಕೇಳುತ್ತಿದ್ದಾಗಲೂ ಅವರಲ್ಲಿ ಕೆಲವರು ಊರಿಗೆ ಮರಳಲು ಹಿಂದೆಮುಂದೆ ನೋಡಿದ್ದರು. ಓದಿಗಾಗಿ, ಏಜೆಂಟನಿಗಾಗಿ ಮಾಡಿದ ಸಾಲ ತೀರಿರಲಿಲ್ಲ. ಮಗಳೊಬ್ಬಳು ಬಾಂಬಿಗಿಂತ ಬ್ಯಾಂಕಿನ ನೋಟಿಸಿಗೆ ಹೆಚ್ಚು ಹೆದರುವಂತೆ ಮಾಡುವ ಲೆಕ್ಕ ಎಂಥ ಲೆಕ್ಕ? ಆ ಲೆಕ್ಕ ಶುರುವಾದದ್ದು ಇರಾಕಿನಲ್ಲಿ ಅಲ್ಲ, ಮನೆಯ ಜಗಲಿಯಲ್ಲಿ. ಹೊರದೇಶಕ್ಕೆ ಹೋಗುವುದಾದರೆ ಕೇಂದ್ರ ಸರ್ಕಾರದ ಪರವಾನಗಿ ಇರುವ ಸಂಸ್ಥೆಯ ಮೂಲಕವೇ ಹೋಗಬೇಕು. ಜರ್ಮನಿಗೆ ಜರ್ಮನ್ ಭಾಷೆ, ಬ್ರಿಟನ್‌ಗೆ ಇಂಗ್ಲಿಷ್ ಪರೀಕ್ಷೆ, ಕೊಲ್ಲಿ ರಾಷ್ಟ್ರಗಳಿಗೆ ಅಲ್ಲಲ್ಲಿನ ಪರವಾನಗಿ ಪರೀಕ್ಷೆ ಬೇಕು. ಇದಕ್ಕೂ ಸಮಯ ಮತ್ತು ಹಣ ಹಿಡಿಯುತ್ತದೆ, ನೋಟ್‌ಪುಸ್ತಕದಲ್ಲಿ ಅದಕ್ಕೂ ಒಂದು ಪುಟ ಇಡಿ.

ಇಷ್ಟು ಲೆಕ್ಕವನ್ನು ತಂದೆತಾಯಿ ಹಾಕಬಹುದು. ಇನ್ನೊಂದು ಲೆಕ್ಕವನ್ನು ಮಗಳೇ ಹಾಕಬೇಕು.

ಕಾಯಿಲೆಯವರ, ಆಸ್ಪತ್ರೆಗಳ ಮತ್ತು ನರ್ಸುಗಳ ಪಾಲಕ ಸಂತರಾದ ಕಮಿಲ್ಲಸ್ ದೆ ಲೆಲ್ಲಿಸ್ ಅವರ ಜೀವನವನ್ನು ನೀವು ಓದಿರಬಹುದು. 1550ರಲ್ಲಿ ಇಟಲಿಯಲ್ಲಿ ಹುಟ್ಟಿದರು. ಎತ್ತರದ ಆಳು, ಸೈನಿಕ, ಜೂಜಿನ ಚಟದಿಂದ ಮೈಮೇಲಿನ ಅಂಗಿಯನ್ನೂ ಕಳೆದುಕೊಂಡವರು. ಕಾಲಿನ ವಾಸಿಯಾಗದ ಹುಣ್ಣಿಗಾಗಿ ರೋಮಿನ ಆಸ್ಪತ್ರೆಗೆ ಸೇರಿದರು, ಅಲ್ಲಿಯೇ ಸೇವಕರಾದರು, ಜೂಜು ಜಗಳಗಳಿಂದಾಗಿ ಅಲ್ಲಿಂದ ಹೊರಹಾಕಲ್ಪಟ್ಟರು. 1575ರಲ್ಲಿ ಮನಪರಿವರ್ತನೆಯಾದ ಮೇಲೆ ಅದೇ ಆಸ್ಪತ್ರೆಗೆ ಮರಳಿ ಬಂದು ಅದರ ಮೇಲ್ವಿಚಾರಕರಾದರು. ಕೂಲಿಗಾಗಿ ಮಾತ್ರ ಕೆಲಸ ಮಾಡುವವರು ರೋಗಿಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡರು. ಗುರುವಾಗಬೇಕೆಂದು ಮೂವತ್ತು ದಾಟಿದ ಪ್ರಾಯದಲ್ಲಿ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕುಳಿತು ಲ್ಯಾಟಿನ್ ಕಲಿತರು. ಹುಡುಗರು ಗೇಲಿ ಮಾಡಿದರು. 1584ರಲ್ಲಿ ಗುರುದೀಕ್ಷೆ ಪಡೆದು, ರೋಗಿಗಳ ಸೇವೆಗೆಂದೇ ಒಂದು ಸಭೆಯನ್ನು ಕಟ್ಟಿದರು. ಅದರ ಸದಸ್ಯರ ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಇರುತ್ತದೆ. ಈ ಜೀವನದಿಂದ ನಾನು ಎರಡನ್ನು ಹಿಡಿದುಕೊಳ್ಳುತ್ತೇನೆ. ದೇವಕರೆ ಬಂದ ಮೇಲೂ ಲ್ಯಾಟಿನ್ ವ್ಯಾಕರಣ ತಪ್ಪಲಿಲ್ಲ. ಇನ್ನೊಂದು, ನರ್ಸಿಂಗ್ ಹೆಣ್ಣುಮಕ್ಕಳ ಕೆಲಸ ಎನ್ನುವ ನಮ್ಮ ಗಂಡುಮಕ್ಕಳು ಈ ಸೈನಿಕನ ಮುಂದೆ ಬಾಯಿ ತೆರೆಯಲಾರರು. ಮನೆಯಲ್ಲಿ ಆಸಕ್ತಿಯುಳ್ಳ ಮಗನಿದ್ದರೆ ಅವನನ್ನೂ ಕೇಳಿ, ಇಂದು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿ ಪುರುಷ ನರ್ಸುಗಳಿದ್ದಾರೆ.

ಮಗಳಿಗೆ ಈ ಕೆಲಸಕ್ಕೆ ಮನಸ್ಸಿದೆಯೇ ಎಂದು ತಿಳಿಯುವುದು ಹೇಗೆ? ಅದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳ ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೋ ಅಜ್ಜನೋ ಇದ್ದಾರೆ. ಕಾಯಿಲೆಯವರಿಗೆ ಪರಮಪ್ರಸಾದ ಕೊಡಲು ಹೋದಾಗ ನಾನು ಕಾಣುವುದೇನು? ಪಿಯುಸಿ ಓದುವ ಮಗಳು ಹೊರಗಿನ ಕೋಣೆಯಲ್ಲಿ ಪುಸ್ತಕದ ಮುಂದೆ ಕುಳಿತಿರುತ್ತಾಳೆ. ಅಜ್ಜಿಯ ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಒದ್ದೆ ಬಟ್ಟೆ ತೆಗೆಯುವುದು ಎಲ್ಲವೂ ತಾಯಿಯ ಕೆಲಸ. "ಅವಳಿಗೆ ಓದಲಿಕ್ಕಿದೆ ಫಾದರ್, ನರ್ಸಿಂಗಿಗೆ ಹೋಗಬೇಕಲ್ಲ" ಎನ್ನುತ್ತಾರೆ ತಾಯಿ. ನರ್ಸಿಂಗಿಗೆ ಹೋಗುವವಳನ್ನು ಮನೆಯ ರೋಗಿಯಿಂದ ದೂರ ಇಡುವುದು! ಒಂದು ತಿಂಗಳು ದಿನಕ್ಕೆ ಅರ್ಧ ಗಂಟೆ ಅಜ್ಜಿಯ ಕೆಲಸವನ್ನು ಮಗಳ ಕೈಗೆ ಕೊಡಿ. ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದನ್ನು ಅವಳು ಮುಂದೆ ಪುಸ್ತಕದಲ್ಲಿ ಓದುತ್ತಾಳೆ, ಅಜ್ಜಿಯ ಮೈಯ ಭಾರವನ್ನು ಪುಸ್ತಕ ಹೇಳುವುದಿಲ್ಲ. ವಾಸನೆಗೆ ಮುಖ ತಿರುಗಿಸಿದರೂ ಮರುದಿನ ಮತ್ತೆ ಬರುತ್ತಾಳೆಯೇ, ಅಜ್ಜಿ ಸಿಡುಕಿದಾಗ ತಾಳಿಕೊಳ್ಳುತ್ತಾಳೆಯೇ, ಅಜ್ಜಿಯ ನಾಚಿಕೆಯನ್ನು ಗಮನಿಸಿ ಬಾಗಿಲು ಮುಚ್ಚುತ್ತಾಳೆಯೇ ಎಂದು ನೋಡಿ. ಅಸಹ್ಯವಾಗುವುದು ಅನರ್ಹತೆಯಲ್ಲ, ಅದು ಎಲ್ಲರಿಗೂ ಆಗುತ್ತದೆ. ಆದರೆ ತಿಂಗಳ ಕೊನೆಗೆ ಅವಳು "ನನ್ನಿಂದ ಆಗುವುದಿಲ್ಲ ಅಮ್ಮ" ಎಂದರೆ ಆ ಮಾತನ್ನು ನಂಬಿ. ಮನಸ್ಸಿಲ್ಲದವಳನ್ನು ತಳ್ಳಿದರೆ ಅವಳಿಗೂ ಅನ್ಯಾಯ, ನಾಳೆ ಅವಳ ಕೈಗೆ ಸಿಗುವ ರೋಗಿಗೂ ಅನ್ಯಾಯ. ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಪ್ರಭು ತಮ್ಮನ್ನು ರೋಗಿಯೊಂದಿಗೆ ಒಂದಾಗಿಸಿಕೊಂಡಿದ್ದಾರೆ. ಹಾಗಾದರೆ ಆ ಹಾಸಿಗೆಯ ಮೇಲೆ ಇರುವವರು ಯಾರು ಎಂಬುದನ್ನು ನೆನಪಿಡಬೇಕು.

ಮನಸ್ಸಿದೆ ಎಂದಾದರೆ, ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗಿನ ದಿನಗಳನ್ನು ಟಿವಿಗೂ ಮೊಬೈಲಿಗೂ ಬಿಟ್ಟುಕೊಡಬೇಡಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ಮೊದಲ ಸೆಮಿಸ್ಟರಿನ ಗೋಡೆ ಇಂಗ್ಲಿಷ್. ಅಂಗರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ನರ್ಸಿಂಗ್ ತಳಹದಿ ಎಲ್ಲವೂ ಒಮ್ಮೆಲೇ ಬಂದು ಬೀಳುತ್ತವೆ. ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಮನುಷ್ಯ ಶರೀರದ ಪಾಠಗಳನ್ನು ಮತ್ತೆ ಓದಲಿ, ಎಲುಬುಗಳ, ಅಂಗಗಳ ಹೆಸರುಗಳನ್ನು ಬರೆದು ಬರೆದು ಕಲಿಯಲಿ. ದಿನಕ್ಕೆ ಒಂದು ಪುಟ ಇಂಗ್ಲಿಷನ್ನು ಗಟ್ಟಿಯಾಗಿ ಓದಲಿ. ಪ್ರಮಾಣದ ಲೆಕ್ಕ, ಭಿನ್ನರಾಶಿ, ದಶಮಾಂಶ ಮರೆತಿದ್ದರೆ ಮತ್ತೆ ಮಾಡಲಿ. ಔಷಧಿಯ ಅಳತೆಯಲ್ಲಿ ಒಂದು ಚುಕ್ಕೆ ಜಾರಿದರೆ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ. ಕನ್ನಡ ಮತ್ತು ತುಳುವನ್ನು ಬಿಡಬಾರದು. ಮಲಯಾಳ ಮಾತ್ರ ಅಥವಾ ಕೊಂಕಣಿ ಮಾತ್ರ ಆಡುವ ಹುಡುಗಿಗೆ ನೋವು ಎಲ್ಲಿ ಎಂದು ಗುತ್ತಿಗಾರಿನ ಅಜ್ಜಿ ತುಳುವಿನಲ್ಲಿ ಹೇಳಿದರೆ ಅರ್ಥವಾಗಬೇಕಲ್ಲ.

ಕೇಳಿ ಕಲಿಯುವ ಮನಸ್ಸು ಎಂದೆನಲ್ಲ, ಅದರ ಬಗ್ಗೆ ಒಂದು ಸೂಚನೆ. ಪ್ರತಿಯೊಂದು ವಾಳೆಯಲ್ಲಿಯೂ ನರ್ಸಾಗಿರುವ ಒಬ್ಬಿಬ್ಬರು ಇದ್ದಾರೆ. ಕ್ರಿಸ್‌ಮಸ್‌ಗೋ ಊರಿನ ಹಬ್ಬಕ್ಕೋ ರಜೆಯಲ್ಲಿ ಬಂದಾಗ ಅವರ ಸೂಟ್‌ಕೇಸಿನಲ್ಲಿ ಏನಿದೆ ಎಂದು ಎಲ್ಲರೂ ಕೇಳುತ್ತೇವೆ, ಮೊದಲ ರಾತ್ರಿ ಪಾಳಿ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಗುರ್ಕಾರರು ಮತ್ತು ವಾರ್ಡಿನ ಮುಖಂಡರು ಅಂಥವರನ್ನು ಒಂದು ಭಾನುವಾರ ಬಲಿಪೂಜೆಯ ನಂತರ ಒಂದು ಗಂಟೆ ಕೂರಿಸಿ, ಪಿಯುಸಿ ಮಕ್ಕಳನ್ನೂ ತಾಯಂದಿರನ್ನೂ ಅವರ ಮುಂದೆ ಕೂರಿಸಲಿ. ಸಂಬಳ, ಸಾಲ, ಮೊದಲು ಕಂಡ ಸಾವು, ಡಾಕ್ಟರರ ಬೈಗುಳ, ಗುಣವಾಗಿ ಹೋಗುವಾಗ ಕೈಮುಗಿದ ರೋಗಿ, ಎಲ್ಲವನ್ನೂ ಅವರು ಹೇಳಲಿ. ಈ ಕೆಲಸಕ್ಕೆ ಧರ್ಮಕೇಂದ್ರದ ಸಭಾಂಗಣ ಯಾವಾಗಲೂ ತೆರೆದಿರಬೇಕು ಎಂಬುದು ನನ್ನ ಅಭಿಪ್ರಾಯ.

ಶಿಫಾರಸು ಪತ್ರಕ್ಕಾಗಿ ನಿಮ್ಮ ಗುರುಗಳ ಬಳಿ ಖಂಡಿತ ಹೋಗಿ. ಜನವರಿಯಲ್ಲಿಯೇ ಹೋಗಿ, ನೋಟ್‌ಪುಸ್ತಕವನ್ನೂ ಕಾಲೇಜಿನವರು ಕೊಟ್ಟ ಕಾಗದಗಳನ್ನೂ ಸಹಿ ಹಾಕುವ ಮೊದಲೇ ಹಿಡಿದುಕೊಂಡು ಹೋಗಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.